ಗೆದ್ದ ಬೆಟ್‌ಗಳೇ ಜಾಸ್ತಿ, ಆದರೂ ದುಡ್ಡು ಹೋಯಿತಲ್ಲ?

ಪ್ರಶ್ನೆ: ಸರ್, ನಮ್ಮೂರು ಹಾಸನ. ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಆಫೀಸಿನವರ ಜೊತೆ ಸೇರಿ ಎನ್‌ಬಿಎ ಬಾಸ್ಕೆಟ್‌ಬಾಲ್ ನೋಡುವ ಹುಚ್ಚು ಹತ್ತಿತು. ಅದರ ಹಿಂದೆಯೇ ಫೋನಿನಲ್ಲಿ ಬೆಟ್ಟಿಂಗ್ ಆಪ್ ಕೂಡ ಬಂತು. ಇಲ್ಲಿ ಅದು ಕಾನೂನುಬದ್ಧ. ಯಾವ ತಂಡ ಗೆಲ್ಲುತ್ತದೆ ಅಂತ ಕೇಳಿದರೆ ಹತ್ತರಲ್ಲಿ ಏಳು ಸಲ ಸರಿಯಾಗಿಯೇ ಹೇಳುತ್ತೇನೆ. ಆದರೆ ಪಾಯಿಂಟ್ ಸ್ಪ್ರೆಡ್, ಅಂದರೆ ಎಷ್ಟು ಅಂತರದಿಂದ ಗೆಲ್ಲುತ್ತದೆ ಅನ್ನುವುದರ ಮೇಲೆ ಕಳೆದ ಸೀಸನ್‌ನಲ್ಲಿ ಹಾಕಿದ 140 ಬೆಟ್‌ಗಳಲ್ಲಿ 71 ಗೆದ್ದೆ, 69 ಸೋತೆ. ಪ್ರತಿ ಸಲ ಕಟ್ಟಿದ್ದು 55 ಡಾಲರ್. ಗೆದ್ದದ್ದೇ ಜಾಸ್ತಿ ಇದ್ದರೂ ಖಾತೆಯಲ್ಲಿ ದುಡ್ಡು ಕಮ್ಮಿಯಾಗಿದೆ. ಇದು ಹೇಗೆ? ಸ್ಪ್ರೆಡ್ ವಿರುದ್ಧ ನಿಜಕ್ಕೂ ಗೆಲ್ಲಲು ಆಗುತ್ತದಾ? ತಿಂಗಳಿಗೆ ಇಷ್ಟು ಅಂತ ತೆಗೆದುಕೊಂಡು ‘ಪಕ್ಕಾ ಪಿಕ್’ ಕೊಡುವ ಒಂದು ಟೆಲಿಗ್ರಾಂ ಗುಂಪಿದೆ, ಸೇರಲಾ? ಇನ್ನೊಂದು ವಿಷಯ: ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ‘ದುಡ್ಡು ಕಳಿಸ್ತೀನಿ, ನನ್ನ ಹೆಸರಲ್ಲೂ ಹಾಕು’ ಅಂತ ಗಂಟುಬಿದ್ದಿದ್ದಾನೆ. ಏನು ಹೇಳಲಿ?

ಉತ್ತರ: ಮೊದಲು ನಿಮ್ಮ ಲೆಕ್ಕ ಬಿಡಿಸೋಣ. ಗೆದ್ದರೆ ನಿಮಗೆ ಬರುವ ಲಾಭ 50 ಡಾಲರ್. ಸೋತರೆ ಹೋಗುವುದು 55. ಗೆದ್ದ 71 ಬೆಟ್‌ಗಳಿಂದ 3,550 ಬಂತು, ಸೋತ 69ರಿಂದ 3,795 ಹೋಯಿತು. ಕೈಯಿಂದ ಹೋದದ್ದು 245 ಡಾಲರ್.

ಆ ಐದು ಡಾಲರ್ ವ್ಯತ್ಯಾಸದಲ್ಲೇ ಎಲ್ಲ ಇದೆ. ಆಪ್‌ನಲ್ಲಿ ಪ್ರತಿ ಸ್ಪ್ರೆಡ್ ಪಕ್ಕ ಸಣ್ಣದಾಗಿ ‘-110’ ಅಂತ ಇರುತ್ತದೆ. 100 ಗೆಲ್ಲಬೇಕಾದರೆ 110 ಕಟ್ಟು ಅಂತ ಅದರ ಅರ್ಥ. ಬೆಟ್ಟಿಂಗ್ ಕಂಪನಿಯ ಕಮಿಷನ್ ಇದೇ. ಅಲ್ಲಿನವರು ಇದನ್ನು ವಿಗ್ ಅನ್ನುತ್ತಾರೆ, ಜ್ಯೂಸ್ ಅಂತಲೂ ಅನ್ನುತ್ತಾರೆ. 110ನ್ನು 210ರಿಂದ ಭಾಗಿಸಿ: 52.38 ಶೇಕಡಾ ಬರುತ್ತದೆ. ಹಾಕಿದ ದುಡ್ಡು ಹಾಗೇ ವಾಪಸ್ ಬರಬೇಕಾದರೂ ನೂರಕ್ಕೆ ಅಷ್ಟು ಗೆಲ್ಲಬೇಕು. ನಿಮ್ಮದು 50.7. 140ರಲ್ಲಿ 73 ಗೆದ್ದಿದ್ದರೂ 35 ಡಾಲರ್ ನಷ್ಟವೇ. 74 ಗೆದ್ದಿದ್ದರೆ 70 ಡಾಲರ್ ಲಾಭ. ಅಂದರೆ ಇಡೀ ಸೀಸನ್‌ನಲ್ಲಿ ಇನ್ನು ಮೂರೇ ಮೂರು ಪಂದ್ಯ ನಿಮ್ಮ ಕಡೆ ವಾಲಿದ್ದರೆ ಈ ಪ್ರಶ್ನೆಯನ್ನೇ ನೀವು ಕಳಿಸುತ್ತಿರಲಿಲ್ಲ. ಈ ‘ಮೂರೇ ಮೂರು’ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ನಿಮ್ಮ ಹತ್ತಕ್ಕೆ ಏಳರ ಮಾತು. ಅದು ಸುಳ್ಳಲ್ಲ. ಆದರೆ ಬಲವಾದ ತಂಡದ ಹೆಸರು ಹೇಳುತ್ತಾ ಹೋದರೆ ಯಾರಿಗಾದರೂ ಸುಮಾರು ಅಷ್ಟು ಸರಿಯಾಗುತ್ತದೆ. ಆ ಅನುಕೂಲವನ್ನು ಕಿತ್ತುಹಾಕುವುದಕ್ಕೇ ಸ್ಪ್ರೆಡ್ ಇರುವುದು. ಬೆಂಗಳೂರು ಟರ್ಫ್ ಕ್ಲಬ್‌ನ ಹ್ಯಾಂಡಿಕ್ಯಾಪ್ ರೇಸ್‌ಗಳಲ್ಲಿ ಒಳ್ಳೆ ಕುದುರೆಯ ಬೆನ್ನ ಮೇಲೆ ಜಾಸ್ತಿ ತೂಕ ಹೇರುತ್ತಾರಲ್ಲ, ಹಾಗೇ ಇದು. ಬಾಸ್ಟನ್ -6.5 ಅಂತಿದ್ದರೆ ಬಾಸ್ಟನ್ ಏಳೋ ಅದಕ್ಕಿಂತ ಜಾಸ್ತಿಯೋ ಪಾಯಿಂಟ್‌ಗಳಿಂದ ಗೆಲ್ಲಬೇಕು. ಆರರಿಂದ ಗೆದ್ದರೆ ಬಾಸ್ಟನ್‌ಗೆ ಪಂದ್ಯ ಸಿಕ್ಕಿತು, ನಿಮ್ಮ ಬೆಟ್ ಹೋಯಿತು. ಅರ್ಧ ಪಾಯಿಂಟ್ ಇಲ್ಲದೆ ಸರಿಯಾಗಿ 6 ಅಂತಿದ್ದು ಅಂತರವೂ ಆರೇ ಆದರೆ ಅದು ಪುಶ್, ದುಡ್ಡು ವಾಪಸ್. ಈ ಉಪಾಯ ತಂದವರು ಅಂತ ಸಾಮಾನ್ಯವಾಗಿ ಹೆಸರು ಕೇಳಿಬರುವುದು ಚಾರ್ಲ್ಸ್ ಮೆಕ್‌ನೀಲ್ ಅನ್ನುವವರದು. ಗಣಿತದ ಮೇಷ್ಟ್ರಾಗಿದ್ದ ಮನುಷ್ಯ, 1940ರ ದಶಕದಲ್ಲಿ ಶಿಕಾಗೋದಲ್ಲಿ ಬುಕ್ಕಿಯಾದರು.

ಹಾಗಾಗಿ ನಿಮ್ಮ ಎದುರಾಳಿ ಆ 6.5 ಅನ್ನುವ ಸಂಖ್ಯೆ. ಅದರೊಳಗೆ ಏನೇನು ಸೇರಿದೆ ಅಂತ ಗೊತ್ತಾದರೆ ಅದನ್ನು ಸೋಲಿಸುವುದು ಯಾಕೆ ಕಷ್ಟ ಅಂತಲೂ ಗೊತ್ತಾಗುತ್ತದೆ.

ಕೆಲವೇ ಕಂಪನಿಗಳು ಮೊದಲು ಒಂದು ಲೈನ್, ಅಂದರೆ ಸ್ಪ್ರೆಡ್‌ನ ಸಂಖ್ಯೆ, ತೆಗೆಯುತ್ತವೆ. ಆಗ ಕಟ್ಟಬಹುದಾದ ದುಡ್ಡಿನ ಮಿತಿ ಕಡಿಮೆ ಇರುತ್ತದೆ. ಇದನ್ನೇ ಕಸುಬು ಮಾಡಿಕೊಂಡವರು, ಕಂಪ್ಯೂಟರ್ ಮಾಡೆಲ್ ಇಟ್ಟುಕೊಂಡವರು ತಕ್ಷಣ ಮೇಲೆ ಬೀಳುತ್ತಾರೆ. 5 ಇದ್ದದ್ದು 5.5 ಆಗುತ್ತದೆ, 6 ಆಗುತ್ತದೆ. ಉಳಿದ ಕಂಪನಿಗಳು ಅದನ್ನು ನೋಡಿಕೊಂಡು ತಮ್ಮದನ್ನೂ ಸರಿಸುತ್ತವೆ. ಪಂದ್ಯ ಶುರುವಾಗುವ ಹೊತ್ತಿಗೆ ಆ ಸಂಖ್ಯೆ ಹಲವರ ಲೆಕ್ಕದಲ್ಲಿ ಜರಡಿಯಾಡಿ ಬಂದಿರುತ್ತದೆ. ಎರಡೂ ಕಡೆ ಸಮ ದುಡ್ಡು ಬೀಳಿಸಿ ಕಮಿಷನ್ ತಿನ್ನುವುದಷ್ಟೇ ಕಂಪನಿಯ ಉದ್ದೇಶ ಅಂತ ಜನ ಹೇಳುತ್ತಾರೆ. ಅದು ಅರ್ಧ ಸತ್ಯ. ತಮ್ಮ ಸಂಖ್ಯೆಯ ಮೇಲೆ ನಂಬಿಕೆ ಇದ್ದಾಗ ಒಂದೇ ಕಡೆ ದುಡ್ಡು ಬಿದ್ದರೂ ಅವರು ಅಲ್ಲಾಡುವುದಿಲ್ಲ.

‘ಈ ತಂಡ ನಿನ್ನೆ ರಾತ್ರಿಯಷ್ಟೇ ಆಡಿದೆ, ಇವತ್ತು ಸುಸ್ತಾಗಿರುತ್ತದೆ’ ಅಂತ ನಿಮಗೆ ಹೊಳೆದರೆ, ಅದು ಆ ಸಂಖ್ಯೆಗೆ ಆಗಲೇ ಗೊತ್ತು. ಸೀಸನ್‌ಗೆ 82 ಪಂದ್ಯ. ಬೆನ್ನುಬೆನ್ನಿಗೆ ಎರಡು ರಾತ್ರಿ ಆಡುವುದು ಮಾಮೂಲು. ವೇಳಾಪಟ್ಟಿ ಎಲ್ಲರ ಕಣ್ಣೆದುರಿಗೇ ಇದೆ. ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ ಎತ್ತರದಲ್ಲಿದೆ, ಹೊರಗಿನವರಿಗೆ ಅಲ್ಲಿ ಉಸಿರು ಹಿಡಿಯುತ್ತದೆ. ಅದೂ ಗೊತ್ತು. ಸ್ವಂತ ಅಂಗಳದ ಅನುಕೂಲ ಮೂರು ಪಾಯಿಂಟ್ ಅಂತ ಹಳಬರು ಈಗಲೂ ಹೇಳುತ್ತಾರೆ. ಅದು ವರ್ಷ ಕಳೆದಂತೆ ಇಳಿದಿದೆ, ಆ ಇಳಿಕೆಯನ್ನೂ ಲೈನ್ ಹಿಡಿದಾಗಿದೆ. ಆಪ್‌ಗಳು ಪಂದ್ಯದ ಕೆಳಗೆ ತೋರಿಸುವ ‘ಕಳೆದ ಐದರಲ್ಲಿ ನಾಲ್ಕು ಸಲ ಸ್ಪ್ರೆಡ್ ದಾಟಿದೆ’ ಅನ್ನುವ ಪಟ್ಟಿಗಳನ್ನಂತೂ ನೋಡಲೇಬೇಡಿ. ಐದು ಪಂದ್ಯದಿಂದ ಏನೂ ತಿಳಿಯುವುದಿಲ್ಲ. ತಿಳಿಯುವ ಹಾಗಿದ್ದರೆ ಅವರು ಅದನ್ನು ನಿಮಗೆ ಪುಕ್ಕಟೆ ತೋರಿಸುತ್ತಿರಲಿಲ್ಲ.

ಸಂಖ್ಯೆಗೆ ತಡವಾಗಿ ತಿಳಿಯುವ ಸಂಗತಿ ಒಂದಿದೆ: ಇವತ್ತು ಯಾರು ಆಡುತ್ತಾರೆ, ಯಾರು ಕೂರುತ್ತಾರೆ ಅನ್ನುವುದು. ತಂಡಗಳು ಗಾಯಾಳುಗಳ ಪಟ್ಟಿಯನ್ನು ಪಂದ್ಯದ ಹಿಂದಿನ ದಿನ ಸ್ಥಳೀಯ ಸಮಯ ಸಂಜೆ 5ಕ್ಕೆ ಕೊಡಬೇಕು ಅನ್ನುವುದು ಎನ್‌ಬಿಎಯ ಬಹುಕಾಲದ ನಿಯಮ. ಬೆನ್ನುಬೆನ್ನಿಗೆ ಆಡುವಾಗ ಎರಡನೇ ದಿನ ಮಧ್ಯಾಹ್ನ 1ಕ್ಕೆ. ‘ಅನುಮಾನ’ ಅಂತಿದ್ದ ದೊಡ್ಡ ಆಟಗಾರ ‘ಇಲ್ಲ’ ಆದ ಕೂಡಲೇ ಲೈನ್ ಮೂರು ನಾಲ್ಕು ಪಾಯಿಂಟ್ ಜಿಗಿಯಬಹುದು. ಆ ಜಿಗಿತಕ್ಕೂ ಮೊದಲು ಕೈಹಾಕಿದವರಿಗೆ ಲಾಭ. ಆದರೆ ಅದಕ್ಕೆ ಕೆಲವು ಸೆಕೆಂಡುಗಳ ಓಟವಿದೆ. ನೀವು ಆಫೀಸ್ ಮೀಟಿಂಗ್‌ನಲ್ಲಿ ಕೂತಿರುತ್ತೀರಿ, ಅಲ್ವಾ?

ಈಗ ಸೋಲು ಗೆಲುವು ಎಷ್ಟು ಸಣ್ಣದಕ್ಕೆ ತಿರುಗುತ್ತದೆ ಅಂತ ಹತ್ತಿರದಿಂದ ನೋಡೋಣ. 2004ರ ಏಪ್ರಿಲ್ 3, ಸ್ಯಾನ್ ಆಂಟೋನಿಯೊ, ಕಾಲೇಜು ಟೂರ್ನಿಯ ಸೆಮಿಫೈನಲ್. ಕನೆಕ್ಟಿಕಟ್ ಎದುರಿಗೆ ಡ್ಯೂಕ್. ಸ್ಪ್ರೆಡ್ ಪ್ರಕಾರ ಕನೆಕ್ಟಿಕಟ್ ಎರಡು ಪಾಯಿಂಟ್ ಮೇಲು. ಕೊನೆಯ ಮೂರು ಚಿಲ್ಲರೆ ನಿಮಿಷ ಇರುವಾಗ ಡ್ಯೂಕ್ 75-67ರಿಂದ ಮುಂದಿತ್ತು. ಅಲ್ಲಿಂದ ಕನೆಕ್ಟಿಕಟ್ ಒಂದೇ ಸಮನೆ 12 ಪಾಯಿಂಟ್ ಬಾರಿಸಿತು. 79-75. ಪಂದ್ಯ ಮುಗಿದೇ ಹೋಯಿತು ಅನ್ನುವಾಗ ಡ್ಯೂಕ್‌ನ ಕ್ರಿಸ್ ಡುಹಾನ್ ದೂರದಿಂದ ಚೆಂಡು ಎಸೆದರು. ಗಂಟೆ ಹೊಡೆಯುತ್ತಿದ್ದಂತೆ ಅದು ಒಳಗೆ ಬಿತ್ತು. 79-78. ಮೈದಾನದಲ್ಲಿ ಆ ಮೂರು ಪಾಯಿಂಟ್‌ಗೆ ಮೂರು ಕಾಸಿನ ಬೆಲೆ ಇರಲಿಲ್ಲ, ಕನೆಕ್ಟಿಕಟ್ ಫೈನಲ್ ಸೇರಿತ್ತು. ಆದರೆ ನಾಲ್ಕರ ಅಂತರ ಒಂದಕ್ಕೆ ಇಳಿದಿತ್ತು. ಕನೆಕ್ಟಿಕಟ್ ಮೇಲೆ ಸ್ಪ್ರೆಡ್ ಕಟ್ಟಿದವರೆಲ್ಲ ಗೆದ್ದ ಬೆಟ್ ಸೋತರು.

ಇದು ಎಲ್ಲೋ ಒಮ್ಮೆ ಆಗುವ ಪವಾಡವೂ ಅಲ್ಲ. ಬಾಸ್ಕೆಟ್‌ಬಾಲ್ ಕೊನೆಯ ಒಂದು ನಿಮಿಷ ನಡೆಯುವ ರೀತಿಯೇ ಹಾಗೆ. ನಿಮ್ಮ ತಂಡ -6.5, ಐದು ಪಾಯಿಂಟ್ ಮುಂದಿದೆ, 40 ಸೆಕೆಂಡ್ ಉಳಿದಿದೆ ಅಂದುಕೊಳ್ಳಿ. ಸುಮ್ನೆ ಬಿಟ್ಟರೆ ನಿಮ್ಮ ತಂಡದವರು 24 ಸೆಕೆಂಡ್ ಚೆಂಡು ಹಿಡಿದು ಕಾಲ ಕಳೆಯುತ್ತಾರೆ. ಹಾಗಾಗಿ ಎದುರಿನವರು ಬೇಕಂತಲೇ ಫೌಲ್ ಮಾಡುತ್ತಾರೆ. ಫೌಲ್‌ಗೆ ಸಿಗುವ, ತಲಾ ಒಂದು ಪಾಯಿಂಟ್‌ನ ಎರಡು ಫ್ರೀ ಥ್ರೋ ಬಿದ್ದು ಅಂತರ ಏಳಾಯಿತು, ನಿಮಗೆ ಜೀವ ಬಂತು. ಅವರು ಓಡಿಬಂದು ಮೂರು ಪಾಯಿಂಟ್ ಹೊಡೆದರು, ನಾಲ್ಕಾಯಿತು. ಮತ್ತೆ ಫೌಲ್, ಈ ಸಲ ಒಂದೇ ಬಿತ್ತು, ಐದು. ಅವರದು ತಪ್ಪಿತು, ಮತ್ತೆ ಫೌಲ್, ಎರಡೂ ಬಿತ್ತು, ಏಳು. ಕೊನೆಗೆ ನಿಮ್ಮ ಕಡೆಯವರು ಯಾಕೆ ಬೇಕು ಅಂತ ದೂರ ನಿಂತು ಬಿಟ್ಟುಕೊಟ್ಟ ಒಂದು ಲೇ-ಅಪ್ (ಬುಟ್ಟಿಯ ಹತ್ತಿರದಿಂದ ಹಾಕುವ ಎರಡು ಪಾಯಿಂಟ್), ಐದು. ಕೋಚ್‌ಗೆ ಐದೂ ಒಂದೇ ಏಳೂ ಒಂದೇ. ನಿಮ್ಮ 55 ಡಾಲರ್ ಮಾತ್ರ ನಾಲ್ಕು ಸಲ ಆಚೆ ಈಚೆ ಓಡಾಡಿತು.

ಎನ್‌ಬಿಎಯಲ್ಲಿ ನಿಜವಾದ ಅಂತರ ಸ್ಪ್ರೆಡ್‌ನಿಂದ ಎಷ್ಟು ದೂರ ಬೀಳುತ್ತದೆ ಅಂತ ಅಳೆದರೆ ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ (ಸಾಮಾನ್ಯ ಏರಿಳಿತದ ಅಳತೆ) ಸುಮಾರು 12 ಪಾಯಿಂಟ್. ಅಂದರೆ 6 ಅಂತ ಇಟ್ಟ ಪಂದ್ಯ 18ರಿಂದ ಗೆದ್ದರೂ, 6ರಿಂದ ಸೋತರೂ ಅದರಲ್ಲಿ ಆಶ್ಚರ್ಯ ಏನಿಲ್ಲ. ಮೂರು ಪಾಯಿಂಟ್ ಹೊಡೆತಗಳು ಹೆಚ್ಚಾದ ಮೇಲೆ ಈ ಏರಿಳಿತ ಇನ್ನೂ ಕಣ್ಣಿಗೆ ಹೊಡೆಯುತ್ತದೆ. 2009-10ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 18ರಷ್ಟು ಸಲ ದೂರದಿಂದ ಎಸೆಯುತ್ತಿತ್ತು. 2024-25ರ ಹೊತ್ತಿಗೆ ಅದು 37 ದಾಟಿದೆ. ಅದೇ ತಂಡ ಒಂದು ರಾತ್ರಿ 20 ಹೊಡೆತ ಒಳಗೆ ಹಾಕುತ್ತದೆ, ಇನ್ನೊಂದು ರಾತ್ರಿ 9. ಬರೀ ಅದರಲ್ಲೇ 33 ಪಾಯಿಂಟ್ ವ್ಯತ್ಯಾಸ.

ಮೊದಲು ಹೇಳಿದ ಆ ಮೂರು ಪಂದ್ಯಕ್ಕೆ ಈಗ ಬರೋಣ. 140 ಸಲ ನಾಣ್ಯ ಚಿಮ್ಮಿದರೂ ಗೆಲುವಿನ ಲೆಕ್ಕ 70ರಿಂದ ಆರು ಆಚೆ, ಆರು ಈಚೆ ಹೋಗುವುದು ತೀರಾ ಸಹಜ. ಹಾಗಾಗಿ ನಿಮ್ಮ 71ರಿಂದ ನಿಮಗೆ ಆಟ ಗೊತ್ತಿಲ್ಲ ಅಂತಲೂ ಹೇಳಲಾಗದು. 78 ಬಂದಿದ್ದರೆ ಗೊತ್ತಿದೆ ಅಂತಲೂ ಹೇಳಲಾಗದು. ಸಾವಿರ ಬೆಟ್ ಹಾಕಿ ನೂರಕ್ಕೆ 54 ಗೆದ್ದವರನ್ನು ತೆಗೆದುಕೊಳ್ಳಿ. ಅವರು 52.38ರ ಗೆರೆ ದಾಟಿದ್ದು ಜಾಣತನದಿಂದಲೋ ಅದೃಷ್ಟದಿಂದಲೋ ಅಂತ ಬರೀ ಗೆಲುವು ಸೋಲಿನ ಪಟ್ಟಿ ನೋಡಿ ಖಾತ್ರಿಯಾಗಿ ಹೇಳಲು ಆಗುವುದಿಲ್ಲ. ಹೊಸಬರು ಒಂದು ಒಳ್ಳೆ ತಿಂಗಳು ನೋಡಿ ಬೆಟ್ ದೊಡ್ಡದು ಮಾಡುವುದು ಇದಕ್ಕೇ ಅಪಾಯ.

ಹಾಗಾದರೆ ಅಳೆಯುವುದು ಹೇಗೆ? ನಿಮ್ಮ ಎಕ್ಸೆಲ್‌ನಲ್ಲಿ ಎರಡು ಕಾಲಂ ಸೇರಿಸಿ. ಒಂದು, ನೀವು ಬೆಟ್ ಹಾಕಿದಾಗ ಇದ್ದ ಸಂಖ್ಯೆ. ಇನ್ನೊಂದು, ಪಂದ್ಯ ಶುರುವಾಗುವ ಕ್ಷಣದ ಕೊನೆಯ ಸಂಖ್ಯೆ, ಅಂದರೆ ಕ್ಲೋಸಿಂಗ್ ಲೈನ್. ನೀವು -5ಕ್ಕೆ ಹಾಕಿದ್ದು -6.5ಕ್ಕೆ ಮುಚ್ಚಿದರೆ ನಿಮಗೆ ಒಂದೂವರೆ ಪಾಯಿಂಟ್ ಅಗ್ಗಕ್ಕೆ ಸಿಕ್ಕಿದೆ. ಆ ಬೆಟ್ ಸೋತರೂ ಒಳ್ಳೆ ಬೆಟ್. -5ಕ್ಕೆ ಹಾಕಿದ್ದು -4ಕ್ಕೆ ಮುಚ್ಚಿದರೆ ಗೆದ್ದರೂ ಕೆಟ್ಟ ಬೆಟ್. ಐವತ್ತು ಅರವತ್ತು ಬೆಟ್ ಆಗುವ ಹೊತ್ತಿಗೆ ಈ ಕಾಲಂಗಳು ಗೆಲುವು ಸೋಲಿಗಿಂತ ಬೇಗ ನಿಜ ಹೇಳುತ್ತವೆ. ಲೈನ್ ಸದಾ ನಿಮ್ಮ ವಿರುದ್ಧವೇ ಸರಿಯುತ್ತಿದ್ದರೆ ನಿಮ್ಮ ಹತ್ತಿರ ಬೇರೆಯವರಿಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂತಲೇ ತಿಳಿದುಕೊಳ್ಳಿ.

ಸಾಮಾನ್ಯರ ಕೈಲಿರುವ ನಿಜವಾದ ಉಪಾಯ ಒಂದೇ. ಒಂದೇ ಆಪ್ ಹಿಡಿದು ಕೂರಬೇಡಿ, ಕಾನೂನುಬದ್ಧವಾದ ನಾಲ್ಕೈದರಲ್ಲಿ ಬೆಲೆ ನೋಡಿ. ಒಂದರಲ್ಲಿ -7 ಇದ್ದರೆ ಇನ್ನೊಂದರಲ್ಲಿ -6.5 ಇರುತ್ತದೆ. ಪಂದ್ಯ ಸ್ಪ್ರೆಡ್‌ಗೆ ಸರಿಯಾಗಿ ಅದೇ ಅಂತರದಲ್ಲಿ ಮುಗಿಯುವುದು ನೂರಕ್ಕೆ ಮೂರು ಸಲದಷ್ಟು. ಕೇಳಲು ಚಿಲ್ಲರೆ ಅನ್ನಿಸುತ್ತದೆ. ಆದರೆ 140 ಬೆಟ್‌ನಲ್ಲಿ ಅದು ನಾಲ್ಕು ಪಂದ್ಯ. -7ರಲ್ಲಿ ದುಡ್ಡು ವಾಪಸ್ ಅಷ್ಟೇ ಬರುವ ಕಡೆ -6.5ರಲ್ಲಿ ಗೆಲುವು. ಹಾಗೆಯೇ -110 ಬದಲು -105 ಸಿಕ್ಕರೆ ದಾಟಬೇಕಾದ ಗೆರೆ 52.38ರಿಂದ 51.22ಕ್ಕೆ ಇಳಿಯುತ್ತದೆ.

ಪಾರ್ಲೆ ಕಡೆ ಮಾತ್ರ ಹೋಗಬೇಡಿ. ಹಲವು ಬೆಟ್ ಸೇರಿಸಿ ಹಾರ ಮಾಡಿ ‘ಎಲ್ಲವೂ ಗೆದ್ದರೆ ದೊಡ್ಡ ದುಡ್ಡು’ ಅನ್ನುವುದು. ಸಮಬಲದ ಮೂರು ಬೆಟ್ ಸೇರಿಸಿದರೆ ನ್ಯಾಯವಾಗಿ ಒಂದಕ್ಕೆ ಏಳು ಕೊಡಬೇಕು. ಸಿಗುವುದು ಸುಮಾರು ಆರು. ಆಪ್ ತೆರೆದ ಕೂಡಲೇ ಮುಖಕ್ಕೆ ರಾಚುವ ಜಾಹೀರಾತು ಇದರದ್ದೇ ಯಾಕೆ ಅಂತ ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಪ್ರೆಡ್ ಅನ್ನು ನಿಜಕ್ಕೂ ಗೆಲ್ಲುವವರು ಇದ್ದಾರಾ ಅಂದರೆ ಇದ್ದಾರೆ, ಬಹಳ ಕಡಿಮೆ. ಅವರಿಗೆ ಇನ್ನೊಂದು ಗೋಡೆ ಇದೆ. ಸತತವಾಗಿ ಒಳ್ಳೆ ಸಂಖ್ಯೆ ಹಿಡಿಯುವವರ ಮಿತಿಯನ್ನು ಅಮೆರಿಕದ ಕಂಪನಿಗಳು ಕತ್ತರಿಸುತ್ತವೆ. ನೂರು ಡಾಲರ್ ಹಾಕುತ್ತಿದ್ದವರಿಗೆ ಇನ್ನು ಮೂರು ಡಾಲರ್ ಮಾತ್ರ ಅನ್ನುವ ಮಟ್ಟಕ್ಕೂ ಹೋಗುತ್ತದೆ. ಬೆಟ್ಟಿಂಗ್ ಮೇಲೆ ಕಣ್ಣಿಡುವ ಮ್ಯಾಸಚೂಸೆಟ್ಸ್ ಸರ್ಕಾರದ ಗೇಮಿಂಗ್ ಕಮಿಷನ್ 2024ರಲ್ಲಿ ಈ ವಿಷಯಕ್ಕೇ ಕಂಪನಿಗಳನ್ನು ಕರೆದು ವಿಚಾರಿಸಿತು. ಸೋಲುವವರಿಗೆ ಬಾಗಿಲು ಸದಾ ತೆರೆದೇ ಇರುತ್ತದೆ. ನನಗೆ ಈ ವ್ಯವಹಾರದಲ್ಲಿ ಅತಿ ಅಸಹ್ಯ ಅನ್ನಿಸುವುದು ಇದೇ.

ಕಾಲೇಜು ಪಂದ್ಯಗಳ ಲೈನ್ ಸಡಿಲ ಇರುತ್ತದೆ, ಅಲ್ಲಿ ಕೈಹಾಕಿ ಅಂತ ನಿಮಗೆ ಯಾರಾದರೂ ಹೇಳಬಹುದು. ಮೊದಲ ದರ್ಜೆಯಲ್ಲೇ 360ಕ್ಕೂ ಹೆಚ್ಚು ತಂಡಗಳಿವೆ, ಎಲ್ಲವನ್ನೂ ಹದ್ದಿನ ಕಣ್ಣಲ್ಲಿ ನೋಡಲು ಆಗುವುದಿಲ್ಲ, ನಿಜ. ಆದರೆ ಅಲ್ಲಿ ಕಟ್ಟುವ ಮಿತಿಯೂ ಕಡಿಮೆ. ಜೊತೆಗೆ ನಿಮ್ಮ ರಾಜ್ಯದಲ್ಲೊಂದು ತಮಾಷೆ ಇದೆ. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಮೇ 14ರಂದು ಕ್ರೀಡಾ ಬೆಟ್ಟಿಂಗ್ ಮೇಲಿನ ಕೇಂದ್ರದ ತಡೆ ತೆಗೆದುಹಾಕಿದ್ದು ನ್ಯೂಜೆರ್ಸಿ ಹೂಡಿದ ಹೋರಾಟದಿಂದಲೇ. ಆದರೂ ಅಲ್ಲಿ ನ್ಯೂಜೆರ್ಸಿಯ ಕಾಲೇಜು ತಂಡಗಳ ಮೇಲೆ ಬೆಟ್ ಕಟ್ಟುವಂತಿಲ್ಲ. 2022ರಲ್ಲಿ ಜೆರ್ಸಿ ಸಿಟಿಯ ಸೇಂಟ್ ಪೀಟರ್ಸ್ ಅನ್ನುವ ಪುಟ್ಟ ಕಾಲೇಜು ಕೆಂಟಕಿಯಂತಹ ದೈತ್ಯನನ್ನು ಕೆಡವಿ ಕೊನೆಯ ಎಂಟಕ್ಕೆ ಹೋಯಿತು. ಆ ಊರಿನವರೇ ಅದರ ಮೇಲೆ ದುಡ್ಡು ಹಾಕಲು ಹಡ್ಸನ್ ನದಿ ದಾಟಿ ನ್ಯೂಯಾರ್ಕ್‌ಗೋ ಇನ್ನೆಲ್ಲಿಗೋ ಹೋಗಬೇಕಿತ್ತು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಸ್ಪ್ರೆಡ್ ಬಂದ ಮೇಲೆ ಮೋಸಕ್ಕೂ ಹೊಸ ದಾರಿ ಸಿಕ್ಕಿತು. ಪಂದ್ಯ ಸೋಲುವ ಅಗತ್ಯವೇ ಇಲ್ಲ, ಹತ್ತರಿಂದ ಗೆಲ್ಲುವ ಕಡೆ ನಾಲ್ಕರಿಂದ ಗೆದ್ದರೆ ಸಾಕು. ಇದಕ್ಕೆ ಪಾಯಿಂಟ್ ಶೇವಿಂಗ್ ಅನ್ನುತ್ತಾರೆ. 1950ರಲ್ಲಿ ಎರಡು ರಾಷ್ಟ್ರೀಯ ಟೂರ್ನಿಗಳನ್ನೂ ಗೆದ್ದಿದ್ದ ನ್ಯೂಯಾರ್ಕ್‌ನ ಸಿಟಿ ಕಾಲೇಜಿನ ಆಟಗಾರರೇ 1951ರಲ್ಲಿ ಇದೇ ಕೇಸಿನಲ್ಲಿ ಸಿಕ್ಕಿಬಿದ್ದರು. ಒಟ್ಟು ಏಳು ಕಾಲೇಜುಗಳ ಹೆಸರು ಹೊರಬಂತು. ಎನ್‌ಬಿಎ ರೆಫ್ರಿ ಟಿಮ್ ಡೊನಾಗಿ ತಾನೇ ಅಂಪೈರಿಂಗ್ ಮಾಡುವ ಪಂದ್ಯಗಳ ಸುಳಿವು ಜೂಜುಕೋರರಿಗೆ ಕೊಟ್ಟು 2008ರಲ್ಲಿ 15 ತಿಂಗಳ ಶಿಕ್ಷೆಗೆ ಗುರಿಯಾದರು. ಟೊರಾಂಟೊ ತಂಡದ ಆಟಗಾರ ಜಾಂಟೆ ಪೋರ್ಟರ್‌ಗೆ 2024ರ ಏಪ್ರಿಲ್‌ನಲ್ಲಿ ಜೀವಮಾನ ನಿಷೇಧ ಬಿತ್ತು. ಒಂದು ಪಂದ್ಯದಲ್ಲಿ ಮೂರು ನಿಮಿಷ ಆಡಿ ಹುಷಾರಿಲ್ಲ ಅಂತ ಹೊರಗೆ ಬಂದಿದ್ದರು. ಅವರ ಪಾಯಿಂಟ್ ಕಡಿಮೆ ಬರುತ್ತದೆ ಅಂತ ಅದೇ ದಿನ ಯಾರೋ 80,000 ಡಾಲರ್ ಕಟ್ಟಿದ್ದರು. ಹನ್ನೊಂದು ಲಕ್ಷ ಡಾಲರ್ ಗೆಲ್ಲುವ ಬೆಟ್ ಅದು. ಕಂಪನಿಗೆ ಅನುಮಾನ ಬಂದು ತಡೆಹಿಡಿದದ್ದರಿಂದ ವಿಷಯ ಬಯಲಾಯಿತು.

ಟೆಲಿಗ್ರಾಂ ಗುಂಪಿಗೆ ಸೇರಬೇಡಿ. ಅವರ ಆಟ ಸುಲಭ. 6,400 ಜನರಲ್ಲಿ ಅರ್ಧಕ್ಕೆ ಈ ತಂಡ, ಅರ್ಧಕ್ಕೆ ಆ ತಂಡ ಅಂತ ಕಳಿಸುವುದು. ಸರಿಯಾದ 3,200 ಜನಕ್ಕೆ ಮುಂದಿನ ವಾರ ಮತ್ತೆ ಅರ್ಧರ್ಧ. ಆರು ವಾರಕ್ಕೆ ನೂರು ಜನ ಆರಕ್ಕೆ ಆರೂ ಸರಿಯಾದ ಪಿಕ್ ನೋಡಿರುತ್ತಾರೆ. ದುಡ್ಡು ಕೇಳುವುದು ಆ ನೂರು ಜನರ ಹತ್ತಿರ. ಗುಂಪಿನವರು ಇಷ್ಟು ಕಷ್ಟವನ್ನೂ ಪಡದೆ ಸೋತ ಮೆಸೇಜ್ ಅಳಿಸಿಹಾಕುವುದೂ ಇದೆ. ಅವರಿಗೆ ಒಂದೇ ಪ್ರಶ್ನೆ ಕೇಳಿ: ಪಿಕ್ ಕಳಿಸಿದಾಗ ಲೈನ್ ಎಷ್ಟಿತ್ತು, ಎಷ್ಟಕ್ಕೆ ಮುಚ್ಚಿತು, ಇಡೀ ವರ್ಷದ್ದು ಕೊಡಿ. ನಿಮ್ಮನ್ನು ಗುಂಪಿನಿಂದ ತೆಗೆದುಹಾಕುತ್ತಾರೆ, ಚಂದಾ ದುಡ್ಡು ಉಳಿಯುತ್ತದೆ.

ತೆರಿಗೆಯನ್ನೂ ಮರೆಯಬೇಡಿ. ಅಮೆರಿಕದಲ್ಲಿ ಗೆದ್ದ ದುಡ್ಡೆಲ್ಲ ಆದಾಯ. 2025ರಲ್ಲಿ ಆದ ಕಾನೂನಿನ ಪ್ರಕಾರ 2026ರಿಂದ ಸೋತದ್ದರಲ್ಲಿ ನೂರಕ್ಕೆ 90 ಮಾತ್ರ ಕಳೆಯಬಹುದು. ನಿಮ್ಮದೇ ಅಂಕಿ ಹಾಕಿ ನೋಡಿ: 3,795ರ ಶೇಕಡಾ 90 ಅಂದರೆ 3,415.50. ಗೆದ್ದ 3,550ರಲ್ಲಿ ಅದನ್ನು ಕಳೆದರೆ 134.50 ಆದಾಯ ಉಳಿಯಿತು. ಕೈಯಿಂದ 245 ಕಳೆದುಕೊಂಡು ಮೇಲೆ ತೆರಿಗೆ ಬೇರೆ! ಅದೂ ನೀವು ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವವರಾಗಿದ್ದರೆ. ಎಲ್ಲರಂತೆ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಂಡರೆ ಸೋಲನ್ನು ಕಳೆಯಲು ಬರುವುದೇ ಇಲ್ಲ. ನಿಮ್ಮ ತೆರಿಗೆ ಲೆಕ್ಕ ನೋಡುವ ಸಿಪಿಎ ಹತ್ತಿರ ಒಮ್ಮೆ ಕೂತು ಮಾತಾಡಿ. ಹಾಗೆಯೇ ಹೋದ ದುಡ್ಡು ವಾಪಸ್ ತರಬೇಕು ಅಂತ ಬೆಟ್ ದೊಡ್ಡದಾಗುತ್ತಿದ್ದರೆ, ಮನೆಯವರಿಂದ ಆಪ್ ಮುಚ್ಚಿಡುವ ಹಾಗಾಗಿದ್ದರೆ, 1-800-ಗ್ಯಾಂಬ್ಲರ್ ಸಹಾಯವಾಣಿ ಇದೆ. ಆಪ್‌ನಲ್ಲೇ ತಿಂಗಳಿಗೆ ಇಷ್ಟೇ ಅಂತ ಮಿತಿ ಹಾಕಿಕೊಳ್ಳುವ ಸೌಲಭ್ಯವೂ ಇದೆ, ಅದನ್ನು ಇವತ್ತೇ ಹಾಕಿ.

ಇನ್ನು ಚಿಕ್ಕಪ್ಪನ ಮಗ. ಆಗಲ್ಲ ಅಂತ ಹೇಳಿಬಿಡಿ. ಬೇರೆಯವರ ಪರವಾಗಿ ಬೆಟ್ ಹಾಕುವುದು ಕಂಪನಿಗಳ ನಿಯಮಕ್ಕೆ ವಿರುದ್ಧ, ಸಿಕ್ಕರೆ ನಿಮ್ಮ ಖಾತೆ ಮುಚ್ಚಿ ದುಡ್ಡು ತಡೆಹಿಡಿಯುತ್ತಾರೆ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ಸ್ ಅಂತಹವಕ್ಕೆ ಭಾರತದಿಂದ ಹಣ ಕಳಿಸುವುದನ್ನು ವಿದೇಶಿ ವಿನಿಮಯ ಕಾನೂನಾದ ಫೆಮಾದ ನಿಯಮ ಮೊದಲಿನಿಂದಲೂ ನಿಷೇಧಿಸಿದೆ. ಅವನು ಸುಳ್ಳು ಕಾರಣ ಬರೆದು ಕಳಿಸಬೇಕಾಗುತ್ತದೆ. ಅಲ್ಲೇ ಯಾವುದಾದರೂ ಆಪ್‌ನಲ್ಲಿ ಹಾಕುತ್ತೇನೆ ಅಂದರೆ, 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ಆದರೆ ಹೊರದೇಶದ ಕಳ್ಳ ಆಪ್ ದುಡ್ಡು ನುಂಗಿದರೆ ಕೇಳಲು ಯಾರೂ ಸಿಗುವುದಿಲ್ಲ. ನೀವು ರಜೆಗೆ ಹಾಸನಕ್ಕೆ ಬಂದಾಗ ನಿಮ್ಮ ನ್ಯೂಜೆರ್ಸಿ ಆಪ್ ಕೂಡ ಫೋನ್ ಎಲ್ಲಿದೆ ಅಂತ ನೋಡಿ ಬೆಟ್ ತೆಗೆದುಕೊಳ್ಳುವುದಿಲ್ಲ. ವಿಪಿಎನ್ ಹಾಕಿ ನೋಡೋಣ ಅಂತ ಅವನು ಖಂಡಿತ ಹೇಳುತ್ತಾನೆ. ಅದನ್ನೂ ಮಾಡಬೇಡಿ, ಗೆದ್ದ ದುಡ್ಡು ಕೊಡದಿರಲು ಕಂಪನಿಗೆ ಅಷ್ಟು ಕಾರಣ ಸಾಕು.